ಎಡಗಾಲಿನ ಹಲಗೆಯ ಸೇಡು

ನಾನು ಒಂದು ಸಾಗವಾನಿ ಹಲಗೆ. ಗದಗಿನ ಒಂದು ಓಣಿಯಲ್ಲಿ, ಒಂದು ಮನೆಯ ಬಾಗಿಲ ಮುಂದಿನ ಗಟಾರದ ಮೇಲೆ ಮಲಗಿದ್ದೇನೆ. ಅಯ್ಯೋ ಪಾಪ ಅನ್ನಬೇಡಿ. ನಿಮ್ಮ ಕನಿಕರ ಕಟ್ಟಿಕೊಂಡು ನನಗೇನಾಗಬೇಕು? ನನಗೆ ಬೇಕಾಗಿದ್ದದ್ದು ಸೇಡು, ಅದು ನನಗೆ ಸಿಕ್ಕಿದೆ. ಹೇಗೆ ಸಿಕ್ಕಿತು ಅಂತ ಮೊದಲಿನಿಂದ ಹೇಳುತ್ತೇನೆ, ಕೇಳಿ.

ದಾಂಡೇಲಿ ಕಡೆಯ ದಿಮ್ಮಿಯೊಂದು ಲಾರಿ ಹತ್ತಿ ಗದಗಿನ ಕಟ್ಟಿಗೆ ಅಡ್ಡೆಗೆ ಬಂದಾಗ ನಾನೂ ನನ್ನ ತಮ್ಮನೂ ಅದರೊಳಗೆ ಒಂದೇ ಮೈಯಾಗಿದ್ದೆವು. ಗರಗಸ ನಮ್ಮನ್ನು ಬೇರೆ ಮಾಡಿತು. ಮೌನೇಶಪ್ಪ ಬಡಿಗೇರ ನಮ್ಮ ಮೈ ಕೆತ್ತಿ ನುಣುಪು ಮಾಡಿ, ಊರಿನ ಕಾಮರ್ಸ್ ಕಾಲೇಜಿಗೆಂದು ಉದ್ದನೆಯ ಒಂದು ಡೆಸ್ಕು ಜೋಡಿಸಿದ. ಮುಗಿದ ಮೇಲೆ ನನ್ನ ಮೇಲೊಮ್ಮೆ ಗುದ್ದಿ ನೋಡಿ, "ಇವು ಮುರಿಯೂದಿಲ್ಲ ಬಿಡು, ಮ್ಯಾಲ ಕುಂತವ್ರು ಮುರೀಬೇಕು" ಅಂದ. ನಾನು ಬರೆಯುವ ಹಲಗೆ, ತಮ್ಮ ಕೂರುವ ಹಲಗೆ. ತಮ್ಮನ ಪಾಡು ಹೇಳಿ ಸುಖವಿಲ್ಲ. ಆದರೂ ಅವನು ಒಂದು ದಿನವೂ ಗೊಣಗಿದವನಲ್ಲ. ಗೊಣಗುವ ಕೆಲಸ ಮೊದಲಿನಿಂದಲೂ ನನ್ನದೇ.

ಕೊನೆಯ ಸಾಲಿನಲ್ಲಿ ನಮ್ಮನ್ನಿಟ್ಟರು. ಅಲ್ಲಿಗೆ ಬಂದು ಕೂತವನು ದಿವಾಕರ ಇಟಗಿ ಎಂಬ ಹುಡುಗ. ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಜೇಬಿನಲ್ಲೊಂದು ಮಡಚುವ ಚಾಕು. ಮೇಷ್ಟ್ರು ಮ್ಯಾನೇಜ್‌ಮೆಂಟಿನ ತತ್ವಗಳನ್ನು ಓದಿ ಹೇಳುವುದು, ಹುಡುಗರು ಬರೆದುಕೊಳ್ಳುವುದು. ಪಾಠ ಎಂದರೆ ಅಷ್ಟೇ. ಬರೆದು ಬೇಜಾರಾದಾಗ ಇವನು ಚಾಕು ತೆಗೆದು ನನ್ನ ಮೈಮೇಲೆ ತನ್ನ ಹೆಸರು ಕೊರೆಯತೊಡಗಿದ. ಹುಡುಗರು ಗೀಚುವುದು ನನಗೆ ಹೊಸದಲ್ಲ. ಆದರೆ ಇವನದು ಗೀಚಾಟವಲ್ಲ. ದಿನಾ ಬಂದು, ನಿನ್ನೆಯ ಗಾಯದಲ್ಲೇ ಚಾಕು ಆಡಿಸಿ, ಆಳ ಮಾಡಿ, ಹೊಟ್ಟು ಊದಿ, ಮತ್ತೆ ಆಳ ಮಾಡುತ್ತಿದ್ದ. 'ದಿವಾಕರ ಇಟಗಿ.' ಎಷ್ಟು ಆಳ ಎಂದರೆ ಅಕ್ಷರದೊಳಗೆ ಮಸಿ ನಿಲ್ಲುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಮಗನೇ, ಒಂದಲ್ಲ ಒಂದು ದಿನ ನಿನ್ನನ್ನು ನೋಡಿಕೊಳ್ಳುತ್ತೇನೆ ಅಂತ ಅಂದೇ ಅಂದುಕೊಂಡೆ.

ಅವನು ಪಾಸಾಗಿ ಹೋದ. ಪೀಡೆ ತೊಲಗಿತು ಅಂದುಕೊಳ್ಳುವಷ್ಟರಲ್ಲಿ ಅದೇ ಕಾಲೇಜಿಗೆ ಲೆಕ್ಚರರ್ ಆಗಿ ತಿರುಗಿ ಬಂದ. ತಾನು ಬರೆದುಕೊಂಡಿದ್ದ ಅದೇ ನೋಟ್ಸನ್ನು ಈಗ ತಾನು ಓದಿ ಹೇಳತೊಡಗಿದ. ತಲೆ ನರೆಯಿತು, ಕನ್ನಡಕ ಬಂತು, ವಿಭಾಗದ ಮುಖ್ಯಸ್ಥನೂ ಆದ, ನೋಟ್ಸು ಮಾತ್ರ ಹಾಗೇ ಇತ್ತು. ಇನ್ನು ಮೇಲೆ ನಾನೂ ಅವರನ್ನು ಇಟಗಿ ಸರ್ ಅನ್ನಬೇಕು. ಊರೆಲ್ಲ ಅನ್ನುತ್ತದೆ, ನನ್ನದೇನು!

ಕಾಲೇಜು ಚುನಾವಣೆಯಲ್ಲಿ ಗೆದ್ದವರು ನಮ್ಮ ಮೇಲೆ ಹತ್ತಿ ಕುಣಿದು ಡೆಸ್ಕಿನ ಕಾಲು ಮುರಿದರು. ನಮ್ಮನ್ನು ಸೈಕಲ್ ಸ್ಟ್ಯಾಂಡಿನ ಹಿಂದೆ ಎಸೆದರು. ಅಲ್ಲಿ ಧೂಳು ತಿನ್ನುತ್ತ ಬಿದ್ದಿದ್ದಾಗ ನಮ್ಮನ್ನು ಕಂಡವರು ನೀಲಾಂಬಿಕಾ ಹೂಗಾರ. ಹೊಸದಾಗಿ ಬಂದ ಗೆಸ್ಟ್ ಲೆಕ್ಚರರ್. ಇವರ ಕೆಲಸ ಒಂದು ವರ್ಷದ್ದು. ಮುಂದಿನ ವರ್ಷ ಪಾಠ ಕೊಡುವುದೂ ಬಿಡುವುದೂ ಇಟಗಿ ಸರ್ ಕೈಯಲ್ಲಿ. ಮೇಡಂ ನಮ್ಮನ್ನು ಸೀರೆ ಸೆರಗಿನಲ್ಲೇ ಒರೆಸಿ ನೋಡಿದರು. ಪ್ಯೂನ್ ಫಕೀರಪ್ಪನನ್ನು ಕರೆದು, "ಇವನ್ನ ಮೌನೇಶಪ್ಪನ ಅಂಗಡಿಗೆ ಒಯ್ಯೂಣು ಬರ್ರಿ, ತೂತು ಹಾಕಿಸೂದೈತಿ" ಅಂದರು.

ಮೌನೇಶಪ್ಪನ ಮಗ ನಮ್ಮಿಬ್ಬರ ಮೈಗೂ ನಾಲ್ಕು ನಾಲ್ಕು ಕಡೆ ತೂತು ಹಾಕಿ, ಹುರಿಹಗ್ಗ ಪೋಣಿಸಿ ಗಂಟು ಹಾಕಿದ. ನಾನು ಎಡಗಾಲಿನ ಹಲಗೆಯಾದೆ, ತಮ್ಮ ಬಲಗಾಲಿನ ಹಲಗೆಯಾದ. ನಾಲ್ವರು ಒಬ್ಬರ ಹಿಂದೊಬ್ಬರು ಎಡಗಾಲನ್ನು ನನ್ನ ಮೇಲೆ, ಬಲಗಾಲನ್ನು ತಮ್ಮನ ಮೇಲೆ ಇಟ್ಟು, ಹಗ್ಗ ಹಿಡಿದು, ಎಲ್ಲರೂ ಒಟ್ಟಿಗೆ ನಡೆಯಬೇಕು. ಒಬ್ಬನ ಕಾಲು ತಪ್ಪಿದರೆ ನಾಲ್ವರೂ ಬೀಳುವುದು. ಅದೇ ಆಟ.

ಮೊದಲ ದಿನ ಕಾಲೇಜಿನ ದೊಡ್ಡ ಹಾಲಿನಲ್ಲಿ ಏನು ಗದ್ದಲ! ನಾಲ್ವರು ಹತ್ತಿದರು, ನಾಲ್ವರೂ ಯಜಮಾನರು. ಒಬ್ಬ ಎಡ ಅಂದ, ಇನ್ನೊಬ್ಬ ಬಲ ಅಂದ, ಮೂರನೆಯವನು "ಲೇ, ನಾ ಹೇಳಿದಂಗ ಕೇಳ್ರಲೇ" ಅಂತ ಕೂಗಿದ. ದಬದಬ ಬಿದ್ದರು. ಮತ್ತೆ ಹತ್ತಿದರು, ಮತ್ತೆ ಬಿದ್ದರು. ಮೇಡಂ ಬೈಯಲಿಲ್ಲ, ಹೇಳಿಕೊಡಲೂ ಇಲ್ಲ. ಎಲ್ಲರ ಮೊಣಕಾಲೂ ತರಚಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ನಿಮ್ಮೊಳಗ ಎಲ್ಲಾರ ಕಾಲೂ ಕಾಣೂದು ಯಾರಿಗೆ?"

ಹುಡುಗರು ಹಿಂದೆ ತಿರುಗಿ ನೋಡಿದರು. ಎಲ್ಲರ ಕಾಲೂ ಕಾಣುವುದು ಕಟ್ಟಕಡೆಗೆ ನಿಂತವರಿಗೆ. ಅಲ್ಲಿ ನಿಂತಿದ್ದವಳು ಶಾಹಿದಾ ನದಾಫ್. ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಡದ ಹುಡುಗಿ. "ಹಂಗಾರ ಹೆಜ್ಜಿ ಹೇಳಾಕಿ ಅಕಿ ಒಬ್ಬಾಕಿನ. ಉಳದವ್ರು ಬಾಯಿ ಮುಚ್ಚಿ ಕಾಲು ಎತ್ರಿ" ಅಂದರು ಮೇಡಂ. ಶಾಹಿದಾ ಮೊದಲು ತನಗೇ ಕೇಳಿಸದ ಹಾಗೆ "ಎಡ" ಅಂದಳು. ಆಮೇಲೆ ಗಟ್ಟಿಯಾಗಿ "ಬಲ" ಅಂದಳು. ನಾನು ಎದ್ದೆ, ಇಳಿದೆ. ತಮ್ಮ ಎದ್ದ, ಇಳಿದ. ಎಷ್ಟೋ ವರ್ಷ ಅಲುಗಾಡದೆ ಬಿದ್ದಿದ್ದ ನಾವು ಅಣ್ಣತಮ್ಮಂದಿರು ಅವತ್ತು ನಡೆದೆವು. ನನಗಾದ ಸಂತೋಷಕ್ಕೆ ಕೂಗಿಕೊಳ್ಳಬೇಕು ಅನ್ನಿಸಿತು.

ಹಾಲಿನ ನಡುವೆ ಮೇಡಂ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿದ್ದರು. ಅಲ್ಲಿಗೆ ಬಂದಾಗ ನಿಲ್ಲಬೇಕು. ಎಲ್ಲರಿಗಿಂತ ಮುಂದೆ ನಿಂತವನು, ತಾನು ಯಾರ ಮಾತಿನ ಮೇಲೆ ಇಲ್ಲಿಯವರೆಗೆ ಬಂದೆ ಅಂತ ಅವರ ಪೂರ್ತಿ ಹೆಸರು ಹಿಡಿದು ಗಟ್ಟಿಯಾಗಿ ಹೇಳಬೇಕು. ಹೇಳಿದರೆ ಮಾತ್ರ ಮುಂದಿನ ಹೆಜ್ಜೆ. ಅವತ್ತು ಮುಂದೆ ನಿಂತಿದ್ದ ಹುಡುಗನಿಗೆ ಹಿಂದಿದ್ದವಳ ಹೆಸರೇ ಗೊತ್ತಿರಲಿಲ್ಲ, ನೋಡಿ! ಬೆನ್ನ ಹಿಂದಿದ್ದವನನ್ನು ಕೇಳಿಕೊಂಡು, "ಶಾಹಿದಾ ನದಾಫ್ ಅವರ ಮಾತಿನ ಮ್ಯಾಲ" ಅಂತ ಕೂಗಿದ. ಮೇಡಂ ಅಂದರು, "ಇದನ್ನ ಪುಸ್ತಕದಾಗ ಆದೇಶದ ಏಕತೆ ಅಂತಾರ. ಹೇಳಾವ್ರು ಒಬ್ರು ಇರಬೇಕು. ಮತ್ತ ಅವರು ಯಾರು ಅನ್ನೂದನ್ನ ನಡ್ಯಾವ್ರು ಮರೀಬಾರ್ದು." ಬರೆದುಕೊಳ್ಳಿ ಅಂತ ಅವರು ಹೇಳಲಿಲ್ಲ. ಯಾರೂ ಮರೆಯಲೂ ಇಲ್ಲ.

ಇಟಗಿ ಸರ್ ಕಿಟಕಿಯಿಂದ ಇಣುಕಿ, "ಇದೇನ್ರಿ ಮೇಡಂ, ಕಾಲೇಜೋ ಸರ್ಕಸ್ಸೋ?" ಅಂತ ನಕ್ಕು ಹೋದರು. ಕೆಲವು ವಾರ ಕಳೆದವು. ಕಾಲೇಜಿನ ಗುಣಮಟ್ಟ ನೋಡಲು ಹೊರಗಿನ ಸಮಿತಿ ಬರುತ್ತದೆ, ಹೊಸ ರೀತಿಯ ಪಾಠ ಏನಿದೆ ಅಂತ ಅವರು ಕೇಳುತ್ತಾರೆ ಎಂದು ಸುದ್ದಿ ಬಂತು. ಕೂಡಲೇ ಸರ್ಕಸ್ಸು ಸರ್‌ಗೆ ಮುತ್ತಿನಂತೆ ಕಂಡಿತು. ಸಮಿತಿಗೆ ಕಳಿಸುವ ವರದಿಯಲ್ಲಿ ಇದು ತಮ್ಮದೇ ಪ್ರಯೋಗ ಎಂದು ಹಾಕಿಸಿದರು. ಮೇಡಂಗೆ ಗೊತ್ತಾಗಿ, ಹಾಲಿನಲ್ಲೇ ಎದುರು ನಿಂತು ಕೇಳಿದರು.

"ಸರ, ಇದು ನಾ ಕಟ್ಟಿದ್ದು. ನನ್ನ ಹೆಸರು ಎಲ್ಲೂ ಇಲ್ಲಲ್ರಿ?"

ಇಟಗಿ ಸರ್ ಬಗ್ಗಿ ನನ್ನ ಮೇಲಿನ ಧೂಳು ಒರೆಸಿದರು. ತಾವು ಕೊರೆದ ಗಾಯದ ಮೇಲೆ ಬೆರಳಿಟ್ಟರು. "ಇದರ ಮ್ಯಾಲ ಯಾರ ಹೆಸರು ಐತಿ, ಓದ್ರಿ ಮೇಡಂ. ನೀವು ಹುಟ್ಟೂಕಿಂತ ಮೊದ್ಲಿಂದು ಇದು" ಅಂದರು.

ಥೂ! ನನ್ನ ಮೈ ಕೊರೆದದ್ದಲ್ಲದೆ ಆ ಗಾಯವನ್ನೇ ಹಕ್ಕುಪತ್ರ ಮಾಡಿಕೊಂಡ ಗಂಡಸು! ನನಗೆ ಬಾಯಿ ಇದ್ದಿದ್ದರೆ ಅವತ್ತೇ ಊರು ಒಂದು ಮಾಡುತ್ತಿದ್ದೆ. ಮೇಡಂ ಆ ಹೆಸರು ಓದಿ ತಲೆ ಎತ್ತಿದರು. ಅವರ ಕಣ್ಣು ಕೆಂಪಾಗಿತ್ತು. ಅಳುವಿನಿಂದಲ್ಲ, ಸಿಟ್ಟಿನಿಂದ.

ಎದುರು ಮಾತಾಡಿದ್ದಕ್ಕೆ ಫಲ ಬೇಗನೇ ಸಿಕ್ಕಿತು. ಮುಂದಿನ ವರ್ಷಕ್ಕೆ ಪಾಠವಿಲ್ಲ ಅಂದುಬಿಟ್ಟರು. ಹೋಗಲಿ, ಬೇರೆ ಕಾಲೇಜು ನೋಡಿಕೊಳ್ಳೋಣ ಅಂದರೆ ಅನುಭವದ ಸರ್ಟಿಫಿಕೇಟಿಗೆ ಇಟಗಿ ಸರ್ ಸಹಿ ಬೇಕು. ಅದೂ ಇಲ್ಲ. "ನಾಳೆ ಬರ್ರಿ" ಅನ್ನುವುದು, ನಾಳೆ ಹೋದರೆ ಮತ್ತೆ ನಾಳೆ. ಮೇಡಂ ಕಾರಿಡಾರಿನ ಕಂಬಕ್ಕೆ ಒರಗಿ ಕಾಯುವುದನ್ನು ಹಾಲಿನ ಬಾಗಿಲಿಂದ ನಾನು ದಿನಾ ನೋಡುತ್ತಿದ್ದೆ. ಮಾಡಿದ ಕೆಲಸವೂ ಹೋಯಿತು, ಮಾಡಿದೆ ಅನ್ನಲು ಹೆಸರೂ ಇಲ್ಲ. 

ಸಮಿತಿ ಬಂದ ದಿನ ಹಾಲು ಭರ್ತಿ. ವೇದಿಕೆಯ ಮೇಲೆ ಸಂಸ್ಥೆಯ ಅಧ್ಯಕ್ಷರಾದ ಹೊಂಬಾಳಿ ಸಾಹುಕಾರರು, ಅವರ ಪಕ್ಕ ಸಮಿತಿಯವರು. ನಮ್ಮನ್ನು ವೇದಿಕೆಯ ಬುಡದಲ್ಲಿ ಇಟ್ಟಿದ್ದರು. ಅಲ್ಲಿಂದ ಹೊರಟು ಬಾಗಿಲವರೆಗೆ ನಡೆಯಬೇಕು. ಇಟಗಿ ಸರ್ ಕೋಟು ಹಾಕಿಕೊಂಡು ಬಂದರು. ತಮ್ಮ ವಿಭಾಗದ ಮೂವರು ಲೆಕ್ಚರರುಗಳನ್ನು ಹಿಂದೆ ನಿಲ್ಲಿಸಿ, ಮುಖ್ಯಸ್ಥ ಅಂದಮೇಲೆ ಮುಂದೆಯೇ ಇರಬೇಕಲ್ಲ, ತಾವು ಎಲ್ಲರಿಗಿಂತ ಮುಂದೆ ನಿಂತರು. ಒಂದು ಸಲವೂ ನಮ್ಮ ಮೇಲೆ ಕಾಲಿಟ್ಟು ನೋಡಿದವರಲ್ಲ. ಹೊರಡಬೇಕು ಅನ್ನುವಾಗ ಅವರಿಗೆ ದಿಗಿಲಾಯಿತು. ಬಾಗಿಲ ಕಡೆ ಮುಖ ಮಾಡಿದರೆ ಸಾಹುಕಾರರಿಗೆ ಬೆನ್ನು ಕಾಣುತ್ತದೆ! ಸಾಹುಕಾರರಿಗೆ ಬೆನ್ನು ತೋರಿಸಿ ಆ ಸಂಸ್ಥೆಯಲ್ಲಿ ಬದುಕಿದವರಿಲ್ಲ. ಎಲ್ಲರೂ ಅವರ ಕೋಣೆಯಿಂದ ಹಿಂದೆ ಹಿಂದೆ ಸರಿದೇ ಹೊರಗೆ ಬರುತ್ತಿದ್ದವರು. ಇಟಗಿ ಸರ್ ಗಿರಕ್ಕನೆ ತಿರುಗಿ, ವೇದಿಕೆಗೆ ಮುಖ ಮಾಡಿ ನಮ್ಮ ಮೇಲೆ ನಿಂತುಬಿಟ್ಟರು. ಉಳಿದ ಮೂವರ ಮುಖ ಬಾಗಿಲಿಗೆ. ಈಗ ನನ್ನ ಮೇಲೆ ಮೂರು ಎಡಗಾಲು, ಒಂದು ಬಲಗಾಲು. ನಾನು ತಮ್ಮನಿಗೆ ಅಂದೆ: ತಮ್ಮಾ, ಇನ್ನು ನಾವೇನೂ ಮಾಡಬೇಕಾಗಿಲ್ಲ, ಸುಮ್ಮನೆ ಹಲಗೆಗಳಾಗಿದ್ದರೆ ಸಾಕು.

"ಎಡ!" ಅಂತ ಇಟಗಿ ಸರ್ ಗರ್ಜಿಸಿದರು.

ಮೂವರು ನನ್ನನ್ನು ಎತ್ತಿದರು. ಸರ್ ತಮ್ಮನನ್ನು ಎತ್ತಿದರು. ನಾನು ಒಂದು ಕಡೆಗೆ, ತಮ್ಮ ಇನ್ನೊಂದು ಕಡೆಗೆ. ಮೊದಲು ಕನ್ನಡಕ ಬಿತ್ತು, ಆಮೇಲೆ ಸರ್ ಬಿದ್ದರು, ಅವರ ಮೇಲೆ ಮೂವರೂ ಒಬ್ಬೊಬ್ಬರಾಗಿ ಬಂದು ಬಿದ್ದರು. ಹಾಲಿನಲ್ಲಿ ಹೋ ಅಂತ ನಗು. ಕೆಳಗೆ ಬಿದ್ದ ಸರ್ ಗಲ್ಲ ನನ್ನ ಮೈಗೆ, ಸರಿಯಾಗಿ ಅವರದೇ ಹೆಸರಿನ ಮೇಲೆ, ಉಜ್ಜಿತು. ಆಹಾ! ಆದರೆ ನನಗೆ ಅಷ್ಟು ಸಾಲದು.

ಸಾಹುಕಾರರ ಮುಖ ಕಪ್ಪಿಟ್ಟಿತು. ಸಮಿತಿಯ ಹೆಂಗಸೊಬ್ಬರು, ಮೈಸೂರು ಕಡೆಯವರು, "ಪರವಾಗಿಲ್ಲ. ಇದನ್ನು ಸರಿಯಾಗಿ ಮಾಡಿ ತೋರಿಸುವವರು ಯಾರಾದರೂ ಇದ್ದಾರೆಯೇ?" ಅಂತ ಕೇಳಿದರು. ಹಿಂದಿನ ಸಾಲಿನಲ್ಲಿ ಶಾಹಿದಾ ಎದ್ದು ನಿಂತಳು.

"ಅದಾರ್ರಿ. ನೀಲಾ ಮೇಡಂ. ಈ ಆಟ ಕಲಿಸಿದ್ದು ಅವರ ರೀ. ಸಹಿ ಸಲುವಾಗಿ ಅಲ್ಲೇ ಹೊರಗ ನಿಂತಾರ್ರಿ."

ಹೌದು, ಮೇಡಂ ಅವತ್ತೂ ಕಂಬಕ್ಕೆ ಒರಗಿ ನಿಂತಿದ್ದರು. "ಕರೀರಿ ಅವ್ರನ್ನ" ಅಂದರು ಸಾಹುಕಾರರು. ಫಕೀರಪ್ಪ ಓಡಿದ. ಮೇಡಂ ಒಳಗೆ ಬಂದರು, ಕೆಳಗೆ ಕೂತು ಕೋಟು ಕೊಡವಿಕೊಳ್ಳುತ್ತಿದ್ದ ಇಟಗಿ ಸರ್ ಅನ್ನು ನೋಡಿದರು, ನಮ್ಮನ್ನು ನೋಡಿದರು. ಅಲ್ಲಿಂದಲೇ ತಿರುಗಿ ಹೋಗಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಹೋಗಲಿಲ್ಲ. ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, "ಮಾಡೂಣ್ರಿ. ಶಾಹಿದಾ ಬಾ, ಇನ್ನೊಬ್ರು ಯಾರಾರ ಬರ್ರಿ. ಇಟಗಿ ಸರ ಮುಂದ ನಿಂದರ್ಲಿ" ಅಂದರು.

"ನಾನ್ಯಾಕ್ರಿ? ಹುಡುಗ್ರು ಮಾಡ್ತಾರ" ಅಂತ ಸರ್ ಜಾರಿಕೊಳ್ಳಲು ನೋಡಿದರು.

"ನಿಂದರ್ರಿ, ಇಟಗಿ" ಅಂದರು ಸಾಹುಕಾರರು. ಮುಗಿಯಿತು.

ಈ ಸಲ ಸರ್ ಮುಖ ಬಾಗಿಲಿಗೆ, ಬೆನ್ನು ಸಾಹುಕಾರರಿಗೆ. ಮೇಡಂ ಕಟ್ಟಕಡೆಗೆ ನಿಂತರು. "ಎಡ" ಅಂದರು. ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಇಟಗಿ ಸರ್ ಕಾಲು ಎತ್ತಿದರು. "ಬಲ." ಎತ್ತಿದರು. ಯಾರಿಗೆ ನಾಳೆ ಬಾ, ನಾಳೆ ಬಾ ಅಂದಿದ್ದರೋ ಅವರ ಒಂದೊಂದು ಮಾತಿಗೆ ಒಂದೊಂದು ಕಾಲು ಎತ್ತಿ, ಇಳಿಸಿ, ಊರ ಮುಂದೆ ನಡೆದರು. ನಾನು ಇಡೀ ಜೀವಮಾನದಲ್ಲಿ ಅಷ್ಟು ಹಗುರಾಗಿ ಎದ್ದದ್ದಿಲ್ಲ. ಹಾಗೇ ಬಂದು, ಹುಡುಗರು ಮತ್ತೆ ಎಳೆದಿದ್ದ ಸೀಮೆಸುಣ್ಣದ ಗೆರೆಯ ಮೇಲೆ ನಿಂತೆವು.

ಮೇಡಂ ಹೆಜ್ಜೆ ಹೇಳುವುದನ್ನು ನಿಲ್ಲಿಸಿದರು.  ಸರ್ ಮುಂದಿನ ಮಾತಿಗೆ ಕಾದರು. 

"ಏನಾತ್ರಿ? ಮುಂದ ಹೇಳ್ರಲ್ಲ" ಅಂದರು ಹಲ್ಲು ಕಚ್ಚಿ.

ಶಾಹಿದಾ ಹಿಂದಿನಿಂದ ಹೇಳಿದಳು, "ಸರ, ಇಲ್ಲಿ ನಿಂತು, ಯಾರ ಮಾತಿನ ಮ್ಯಾಲ ಬಂದೆ ಅಂತ ಹೆಸರು ಹೇಳಬೇಕ್ರಿ. ಹೇಳೂ ತನಕ ಮುಂದಿನ ಹೆಜ್ಜಿ ಇಲ್ರಿ. ನೀವ ಮಾಡಿದ ಆಟಲ್ರಿ, ನಿಮಗ ಗೊತ್ತೈತಲ್ರಿ."

ಅಬ್ಬಾ, ಆ ಹುಡುಗಿ! ಸರ್ ಗಂಟಲಲ್ಲೇ ಏನೋ ಗೊಣಗಿದರು.

"ಕೇಳಸ್ಲಿಲ್ರಿ, ಸರ" ಅಂದರು ಮೇಡಂ.

"ಹೂಗಾರ ಮೇಡಂ ಮಾತಿನ ಮ್ಯಾಲ."

"ಪೂರ್ತಿ ಹೆಸರ್ರಿ, ಸರ. ವೇದಿಕಿ ಮ್ಯಾಲಿನವ್ರಿಗೂ ಕೇಳಸ್ಲಿ."

"ನೀಲಾಂಬಿಕಾ ಹೂಗಾರ ಅವರ ಮಾತಿನ ಮ್ಯಾಲ!" ಸರ್ ಕೂಗಿಯೇಬಿಟ್ಟರು. ಅದು ಗೋಡೆಗೆ ತಾಗಿ ಮತ್ತೆ ಬಂತು. ಮೇಡಂ ಮೆಲ್ಲಗೆ "ಎಡ" ಅಂದರು. ನಾವು ಬಾಗಿಲು ಮುಟ್ಟಿದೆವು. ಚಪ್ಪಾಳೆ ನಿಲ್ಲಲೇ ಇಲ್ಲ. ಸಮಿತಿಯ ಹೆಂಗಸು ವರದಿಯಲ್ಲಿದ್ದ ಹೆಸರು ಹೊಡೆದು ಬೇರೆ ಹೆಸರು ಬರೆದುಕೊಂಡರು. ಅವತ್ತು ಸಂಜೆಯೇ ಸರ್ಟಿಫಿಕೇಟಿಗೆ ಸಹಿ ಬಿತ್ತು.

ಕಥೆ ಇಲ್ಲಿಗೇ ಮುಗಿಯಿತು ಅಂದುಕೊಂಡಿರಾ? ಸೇಡಿಗೆ ಸೇಡು ಹುಟ್ಟದೆ ಇರುತ್ತದೆಯೇ? ಮೇಡಂಗೆ ಪಾಠ ಮತ್ತೆ ಕೊಡಲಿಲ್ಲ, ಅವರು ಕೇಳಲೂ ಇಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಟ್ಯೂಷನ್ ಶುರು ಮಾಡಿದರು. ಇತ್ತ ಇಟಗಿ ಸರ್ ಫಕೀರಪ್ಪನನ್ನು ಕರೆದು, "ಆ ಎರಡೂ ಹಲಗಿ ಹಾಸ್ಟೆಲಿನ ನೀರೊಲಿಗೆ ಹಾಕು. ನನ್ನ ಕಣ್ಣಿಗೆ ಬೀಳಬಾರ್ದು" ಅಂದರು.

ಫಕೀರಪ್ಪ ತಮ್ಮನನ್ನು ಮೊದಲು ಒಯ್ದ. ಕೊಡಲಿಯ ಸದ್ದು ಕೇಳಿಸಿತು. ಹೊಗೆ ಬಂತು, ನಮ್ಮದೇ ಮೈಯ ವಾಸನೆಯ ಹೊಗೆ. ಒಂದು ದಿನವೂ ಗೊಣಗದ ನನ್ನ ತಮ್ಮ, ಹುಡುಗರ ಸ್ನಾನದ ನೀರು ಕಾಯಿಸಿ ಬೂದಿಯಾದ. ಆ ಹೊತ್ತಿನ ಬಗ್ಗೆ ಇನ್ನೇನೂ ಹೇಳಲಾರೆ.

ಆಮೇಲೆ ನನ್ನ ಸರದಿ. ಫಕೀರಪ್ಪ ಕೊಡಲಿ ಎತ್ತಿದ, ಹಾಗೇ ನಿಂತ. ಅವನ ಕಣ್ಣು ಹೆಸರಿನ ಮೇಲೆ ಬಿದ್ದಿತ್ತು. "ಸಾಹೇಬ್ರ ಹೆಸರಿಗೆ ಹೆಂಗ ಬೆಂಕಿ ಹಚ್ಚಲಿ? ಜೀವಂತ ಮನಷ್ಯಾನ ಹೆಸರು. ನಾಳೆ ಏನರ ಆದ್ರ ನನ್ನ ತಲಿಗೆ ಬರತೈತಿ" ಅಂತ ತನಗೆ ತಾನೇ ಅಂದುಕೊಂಡ. ನೋಡಿ ಹೇಗಿದೆ! ನನ್ನನ್ನು ಸುಡು ಅಂದವರೂ ಅವರೇ, ನನ್ನನ್ನು ಉಳಿಸಿದ್ದೂ ಅವರ ಚಾಕುವೇ. ಫಕೀರಪ್ಪ ನನ್ನನ್ನು ಸೈಕಲ್ಲಿಗೆ ಕಟ್ಟಿಕೊಂಡು ಮೇಡಂ ಮನೆಗೆ ತಂದ.

ಬಾಗಿಲ ಮುಂದಿನ ಗಟಾರಕ್ಕೆ ಮುಚ್ಚಳವಿರಲಿಲ್ಲ. ಟ್ಯೂಷನ್ನಿಗೆ ಬರುವ ಮಕ್ಕಳು ಜಾರುತ್ತಿದ್ದರು. ಮೇಡಂ ನನ್ನನ್ನು ಅಲ್ಲಿ ಹಾಸಲು ಹೇಳಿದರು, ಹೆಸರು ಮೇಲೆ ಬರುವಂತೆ.

"ಅಕ್ಷರ ತುಳಿಬಾರ್ದ್ರಿ ಮೇಡಂ, ಪಾಪ ಬರತೈತಿ. ಹೊಳ್ಳಿಸಿ ಹಾಕಲೇನ್ರಿ?" ಅಂದ ಫಕೀರಪ್ಪ.

"ಬ್ಯಾಡ. ಹಿಂಗ ಇರ್ಲಿ" ಅಂದರು ಮೇಡಂ.

ಅಂದಿನಿಂದ ಊರಿನ ಕಾಮರ್ಸ್ ಹುಡುಗರೆಲ್ಲ 'ದಿವಾಕರ ಇಟಗಿ' ತುಳಿದೇ ಒಳಗೆ ಹೋದರು. ಮಳೆಗಾಲದಲ್ಲಿ ಕೆಸರು ಒರೆಸಿ ಹೋದರು. ಕೆಲವರು ಅಕ್ಷರ ಕಂಡು ಬಗ್ಗಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಒರೆಸಿರೋ, ಇನ್ನೂ ಗಟ್ಟಿಯಾಗಿ ಒರೆಸಿ ಅನ್ನುತ್ತಿದ್ದೆ. ಒಂದು ಮಾತ್ರ ನನಗೆ ತಿಳಿಯದೆ ಉಳಿದಿತ್ತು. ಮೇಡಂ ನನ್ನ ಮೇಲೆ ಕಾಲಿಡುತ್ತಿರಲಿಲ್ಲ. ಕೈಯಲ್ಲಿ ನೀರಿನ ಕೊಡವಿದ್ದರೂ ಸರಿ, ನನ್ನನ್ನು ದಾಟಿಯೇ ಹೋಗುತ್ತಿದ್ದರು, ಬರುತ್ತಿದ್ದರು.

ವರ್ಷಗಳು ಹೋದವು. ಮೇಡಂ ಕೂದಲಲ್ಲೂ ಬಿಳಿ ಬಂತು. ಒಂದು ಸಂಜೆ ಒಬ್ಬ ಹುಡುಗಿ ನನ್ನ ಮೇಲೆ ಹಾರಿ ಒಳಗೆ ಹೋದಳು. ಅವಳ ಹಿಂದೆ ಬಂದ ಮುದುಕರು ಗಟಾರದ ಆಚೆಗೇ ನಿಂತರು. ಕೈಯಲ್ಲಿ ಕೋಲು. ಬಾಗಿದ ಬೆನ್ನು. ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು.

ಮೇಡಂ ಬಾಗಿಲಿಗೆ ಬಂದರು.

"ಮೊಮ್ಮಗಳ್ರಿ, ಪ್ರಣತಿ ಅಂತ" ಅಂದರು ಇಟಗಿ ಸರ್. "ಮ್ಯಾನೇಜ್‌ಮೆಂಟಿನಾಗ ನಪಾಸ ಆಗ್ಯಾಳ. ನಾ ಹೇಳ್ತೀನಿ ಅಂದ್ರ, ಅಜ್ಜಾ ನಿಂದು ಬರೇ ಬರಸೂದು, ನಾ ನೀಲಾ ಮೇಡಂ ಕಡೆನ ಹೋಗಾಕಿ ಅಂತಾಳ."  ತಲೆ ತಗ್ಗಿಸಿ ದಾರಿ ನೋಡಿಕೊಳ್ಳಲು ಹೋದವರಿಗೆ ನಾನು ಕಂಡೆ. ಸವೆದಿದ್ದರೂ ಓದಲು ಬರುವಷ್ಟಿತ್ತು ಆ ಹೆಸರು.

ದಾಟಿ ಬರುವ ಶಕ್ತಿ ಅವರ ಕಾಲಿಗಿಲ್ಲ. ತಿರುಗಿ ಹೋದರೆ ಮೊಮ್ಮಗಳು ಒಳಗೆ ಕೂತಿದ್ದಾಳೆ. ಮೇಡಂ ನೋಡುತ್ತ ನಿಂತಿದ್ದರು. ಆಮೇಲೆ, ಹಾಲಿನಲ್ಲಿ ಅಂದ ಅದೇ ದನಿಯಲ್ಲಿ ಅಂದರು: "ಬರ್ರಿ ಸರ. ಬಲಗಾಲ ಇಟ್ಟು ಒಳಗ ಬರ್ರಿ."

ಮನೆಗೆ ಬಂದವರಿಗೆ ಯಾರಾದರೂ ಹೇಳುವ ಮಾತೇ ಅದು. ಸರ್ ಚಪ್ಪಲಿ ಬಿಟ್ಟರು. ಬರಿಗಾಲನ್ನು, ಬಲಗಾಲನ್ನೇ, ತಮ್ಮ ಹೆಸರಿನ ಮೇಲೆ ಇಟ್ಟರು. ನಾನು ಸುಮ್ಮನಿರುವವನೇ? ಮೈ ಸ್ವಲ್ಪ ಅಲುಗಿಸಿದೆ. ಅಷ್ಟಕ್ಕೇ ಅವರು ವಾಲಿ ಬಾಗಿಲ ಚೌಕಟ್ಟು ಹಿಡಿದರು. ಇನ್ನೊಂದು ಸಲ ಅಲುಗಬೇಕು ಅನ್ನುವಷ್ಟರಲ್ಲಿ ಅವರು ನನ್ನ ಮೇಲೆ ನಿಂತೇ, ಯಾರೂ ಕೇಳದಿದ್ದರೂ ಅಂದರು:

"ನೀಲಾಂಬಿಕಾ ಹೂಗಾರ ಅವರ ಮಾತಿನ ಮ್ಯಾಲ."

ಮೇಡಂ ಮುಖ ಒಂದು ಥರ ಆಯಿತು. ಕೈ ಚಾಚಿ ಅವರ ಮೊಣಕೈ ಹಿಡಿದು ಒಳಗೆ ಕರೆದುಕೊಂಡರು.

ಮರುದಿನ ಬೆಳಿಗ್ಗೆ ಅಂಗಳ ಗುಡಿಸಿ ಬಂದ ಮೇಡಂ ಕಸಬರಿಗೆ ಬದಿಗಿಟ್ಟು, ತಾವೇ ಬಗ್ಗಿ, ಏದುಸಿರು ಬಿಡುತ್ತ ನನ್ನನ್ನು ಹೊರಳಿಸಿ ಹಾಕಿದರು. ಹೆಸರು ಕೆಳಗೆ ಹೋಯಿತು. ಆಮೇಲೆ ಎರಡೂ ಕಾಲು ಊರಿ ನನ್ನ ಮೇಲೆ ನಿಂತರು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಅವರ ಸಿಟ್ಟು ತೀರಿತ್ತು. ಅವರ ಕಾಲಿನ ಭಾರದಲ್ಲೇ ನನಗದು ತಿಳಿಯಿತು.

ಅವರದು ದೊಡ್ಡ ಮನಸ್ಸು, ಇರಲಿ. ನನ್ನ ತಮ್ಮನನ್ನು ಸುಟ್ಟವರನ್ನು ನಾನು ಕ್ಷಮಿಸುವವನಲ್ಲ. ಇನ್ನು ಮೇಲೆ ಆ ಹೆಸರನ್ನು ಯಾರೂ ತುಳಿಯುವುದಿಲ್ಲ. ಮೇಡಂ ಕರುಣೆಯಿಂದ ಹಾಗೆ ಮಾಡಿದರು, ಅವರ ಮನಸ್ಸು ನನಗೆ ಗೊತ್ತು. ಆದರೆ ನನ್ನ ಕೆಳಗೆ ಏನು ಹರಿಯುತ್ತದೆ ಅನ್ನುವುದನ್ನು ಅವರು ಯೋಚಿಸಿದಂತಿಲ್ಲ. ಇಡೀ ಓಣಿಯ ಬಚ್ಚಲ ನೀರು ದಿನಾ ಬೆಳಿಗ್ಗೆ ಆ ಹೆಸರಿನ ಮುಖಕ್ಕೇ ಬರುತ್ತದೆ. ನಾನು ಸುಮ್ಮನೆ ಮಲಗಿದ್ದೇನೆ.